ಒಂದು ಚಮಚ ಟಾನಿಕ್

ಅತ್ತೆ ಹಿಡಿದ ಚಮಚ ಬಸುರಿ ಸೊಸೆಯ ತುಟಿಗೆ ತಾಗುವಷ್ಟರಲ್ಲಿ ನರ್ಸ್ ಆಗಿದ್ದ ಮಗಳು ಅಮ್ಮನ ಕೈಯನ್ನು ಗಪ್ಪನೆ ಹಿಡಿದಳು. ಚಮಚದಿಂದ ಬರುತ್ತಿದ್ದ ವಾಸನೆಗೆ ಆನೆಯೂ ತೂರಾಡಬೇಕಿತ್ತು.

"ಅಮ್ಮಾ, ಇದ್ರಲ್ಲಿ ಬ್ರಾಂದಿ ಇದೆ!"

"ಇಲ್ದೆ? ನಾನೇ ಮಾಡಿದ ಟಾನಿಕ್ ಕಣೇ. ಒಂದು ಚಮಚಕ್ಕೆ ಆಕಾಶ ಬಿದ್ದುಹೋಗುತ್ತಾ?"

"ಮಗು ಮೆದುಳು ಇನ್ನೂ ಬೆಳೀತಿದೆ. ನರಗಳು ಒಂದಕ್ಕೊಂದು ಮಾತಾಡ್ತಾ ಬೆಳೀಬೇಕು. ಬ್ರಾಂದಿ ಅವುಗಳ ಬಾಯಿ ಕಟ್ಟುತ್ತೆ. ಸುಮ್ಮನಾದವು ಸತ್ತೇ ಹೋಗ್ಬಹುದು."

ಸೊಸೆಯ ಮುಖ ಬಿಳಿಚಿಕೊಂಡಿತು. "ಅತ್ತೆ, ಬೆಳಿಗ್ಗೆ ಕೊಟ್ರಲ್ಲ, ಆಮೇಲೆ ಇದು ಒದ್ದೇ ಇಲ್ಲ. ನಿದ್ದೆ ಮಾಡ್ತಿದೆ ಅಂದ್ಕೊಂಡೆ."

ಚಮಚ ನೆಲಕ್ಕೆ ಬಿತ್ತು. ಏಳೂರಿಗೆ ಕೇಳುವಂತೆ ಮಾತಾಡುವ ಅತ್ತೆ ಸೊಸೆಯ ಪಕ್ಕಕ್ಕೆ ಸರಿದಳು. ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು.

"ಒದಿ ಮರಿ, ಈ ಅಜ್ಜಿಗೇ ಒದಿ," ಎಂದು ಪಿಸುಗುಟ್ಟಿದಳು.

ಕೊನೆಗೊಮ್ಮೆ ಅಂಗೈಗೆ ಕುದುರೆ ಒದ್ದಂಥ ಏಟು ಬಿತ್ತು. ಅತ್ತೆ ಟಾನಿಕ್ ಬಾಟಲಿ ಎತ್ತಿಕೊಂಡು ಬಚ್ಚಲಿಗೆ ಸುರಿಯಲು ಓಡಿದಳು.