ಎತ್ತರದ ಕುರ್ಚಿ

"ಮೇಯರ್ ಮನೆ ನಾಯಿಮರಿ ಬಂತು ನೋಡ್ರೋ."

ಮೆಲ್ಚೋರ ಮೆಲ್ಲಗೆ ಹೇಳಲಿಲ್ಲ. ಮೀನು ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಅದು. ನಗರಸಭೆಯ ಮೆಟ್ಟಿಲ ಮೇಲೆ ಕಾದಿದ್ದ ಕಾಲುವೆ ದಂಡೆಯ ಜನರೆಲ್ಲ ತಿರುಗಿದರು. ಎಲ್ಪಿಡಿಯೊ ಬಾಗಿಲಲ್ಲೇ ನಿಂತ.

"ಬಾ ಮಗನೇ, ಬಾ. ಯಾಕೆ ನಿಂತ್ಬಿಟ್ಟೆ? ಕುರ್ಚಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ವಾ?"

ಯಾರೋ ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ಮೆಲ್ಚೋರ ಅವನ ಧರ್ಮತಾಯಿ. ಜ್ಞಾನಸ್ನಾನದ ದಿನ ಅವನನ್ನು ಪಾದ್ರಿಯ ಮುಂದೆ ಎತ್ತಿ ಹಿಡಿದವಳು. ಮೇ ತಿಂಗಳ ಚುನಾವಣೆಗೆ ಇಬ್ಬರೂ ಜೊತೆಯಾಗಿ ನಿಂತಿದ್ದರು. ಇಡೀ ಊರು ಓಟು ಹಾಕಿ ಹತ್ತು ಮಂದಿಯನ್ನು ಆರಿಸಬೇಕು. ಅವಳು ಎಂಟನೆಯವಳು, ಅವನು ಹತ್ತನೆಯವನು. ಹನ್ನೊಂದನೆಯವನು ಮನೆಗೆ. ಮೀನು ಮಾರುವವಳೂ ಬಾಡಿಗೆಯ ಜೀಪ್ನಿ ಗಾಡಿ ಓಡಿಸುವವನೂ ಕೌನ್ಸಿಲರ್ ಆದರೆಂದು ದಂಡೆಯ ಜನ ಹಂದಿ ಸುಟ್ಟು ಹಂಚಿದ್ದರು. ಅದರ ಹೊಗೆ ಆರಿ ಎಷ್ಟು ದಿನವಾಯಿತು?

ಇವತ್ತು ಸಭೆಯ ಮುಂದಿದ್ದದ್ದು ಒಂದೇ ನಿರ್ಣಯ. ದಂಡೆಯ ಮನೆಗಳನ್ನು ಕಿತ್ತು ಜನರನ್ನು ಗುಡ್ಡದಾಚೆ ಸಾಗಿಸುವುದು. ಗುಡ್ಡದಾಚೆ ನಲ್ಲಿಯಿಲ್ಲ, ಕೆಲಸವಿಲ್ಲ, ಊರಿಗೆ ಬರಲು ಬಸ್ಸಿಲ್ಲ. ಮೇಯರ್‌ಗೆ ಜಾಗ ಬೇಕಿತ್ತು. ಆರಿಸಿ ಬಂದ ಹತ್ತು, ಹುದ್ದೆಯ ಬಲದಿಂದ ಸದಸ್ಯರಾದ ಇನ್ನಿಬ್ಬರು, ಹೀಗೆ ಬಂದಿದ್ದ ಹನ್ನೆರಡು ಮಂದಿಯಲ್ಲಿ ಆರು ಮಂದಿ ಅವನ ಕಡೆ, ಆರು ಮಂದಿ ದಂಡೆಯ ಕಡೆ. ಸಮ ಬಿದ್ದರೆ ನಿರ್ಣಯ ಸತ್ತ ಹಾಗೆಂದು ಎಲ್ಲರ ನಂಬಿಕೆ. ಆ ಲೆಕ್ಕ ದಂಡೆಯಲ್ಲಿ ಮಕ್ಕಳಿಗೂ ಬಾಯಿಪಾಠ.

"ಆರು ಹೌದು, ಐದು ಬೇಡ," ಎಂದಳು ಮೆಲ್ಚೋರ, ಜನರ ಕಡೆ ತಿರುಗಿ. "ನಾನು 'ಬೇಡ' ಅಂದಿದ್ದು ಬೀದಿಗೆ ಕೇಳಿಸಿರ್ಬೇಕು. ಆರನೇದು ಎಲ್ಲಿ ಅಂತ ಇವನನ್ನೇ ಕೇಳಿ. ಎತ್ತರದ ಕುರ್ಚೀಲಿ ಬೊಂಬೆ ಥರ ಕೂತಿದ್ದ."

"ಅಯ್ಯೋ, ಕೂತ್ಕೊಳ್ಳೋಕೆ ಮೆತ್ತಗಿತ್ತೇನಪ್ಪ?" ಒಬ್ಬ ಕೇಳಿದ.

"ಇವನಿಗೋಸ್ಕರ ಎಷ್ಟು ಸಲ ಕೈ ಎತ್ತಿದೀನಿ ನಾನು," ಎಂದಳು ಅವಳು. "ಎಷ್ಟು ಸಲ."

ಎಲ್ಪಿಡಿಯೊಗೆ ಏನೂ ಅನಿಸಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಒಸಡಿನಂತೆ ಮೈಯೆಲ್ಲ ಮರಗಟ್ಟಿತ್ತು.

ನಡೆದದ್ದಿಷ್ಟು. ಸಭೆ ನಡೆಸುವವರು ಉಪಮೇಯರ್. ಅವರು ಡೆಂಗ್ಯೂ ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದರು. ಸದಸ್ಯರಲ್ಲೇ ಒಬ್ಬರು ಆ ದಿನದ ಮಟ್ಟಿಗೆ ಅವರ ಕುರ್ಚಿಯಲ್ಲಿ ಕೂರಬೇಕಿತ್ತು. ಪ್ರೇಕ್ಷಕರ ಬೆಂಚುಗಳನ್ನು ಮೇಯರ್ ಕಡೆಯವರು ಒಂದೇ ಬಣ್ಣದ ಅಂಗಿ ತೊಟ್ಟು ಬೆಳಿಗ್ಗೆಯೇ ತುಂಬಿದ್ದರು. ದಂಡೆಯ ಒಬ್ಬನಿಗೂ ಒಳಗೆ ಜಾಗ ಸಿಗಲಿಲ್ಲ.

ಮೊದಲು ಮೇಯರ್ ಕಡೆಯ ಸದಸ್ಯರ ಮುಖಂಡ ಅಲ್ಬಾನೊನನ್ನು ಕೂರಲು ಕೇಳಿದರು. ಯಾವ ಸಮಾರಂಭದಲ್ಲೂ ಮುಂದಿನ ಸಾಲು ಬಿಡದ ಮನುಷ್ಯ.

"ನನ್ನ ಮಂಡಿ ನೋವು ನೋಡಿ," ಎಂದ. "ಅಷ್ಟು ಎತ್ತರ ಹತ್ತೋಕಾಗಲ್ಲ."

ಅವನ ಪಕ್ಕದವನಿಗೆ ಗಂಟಲು ಕೆಟ್ಟಿತ್ತು. ಅವನಾಚೆಯವಳಿಗೆ ಕನ್ನಡಕ ಮರೆತುಹೋಗಿತ್ತು. ಆರು ಮಂದಿಗೂ ಒಂದೊಂದು ಕಾಯಿಲೆ. "ಹೊಸಬರಿಗೆ ಗೌರವ ಸಿಗಲಿ ಬಿಡಿ," ಎಂದು ಅಲ್ಬಾನೊ ಕೈಮುಗಿದ.

ಎಲ್ಪಿಡಿಯೊನ ಹೆಸರು ಸೂಚನೆಯಾಯಿತು. ಸೂಚನೆಯ ಮಾತು ಮುಗಿಯುವ ಮೊದಲೇ ಅಲ್ಬಾನೊ ಅನುಮೋದಿಸಿದ. ಚಪ್ಪಾಳೆ ಬಿತ್ತು. ಎಲ್ಪಿಡಿಯೊ ನಾಚುತ್ತ, ಅಂಗಿ ಎಳೆದುಕೊಳ್ಳುತ್ತ ಮೇಲೆ ಹತ್ತಿದ. ಸುತ್ತಿಗೆ ಅವನ ಕೈಗೆ ಬಂತು.

ಚರ್ಚೆ ನಡೆಯಿತು. ಆಮೇಲೆ ಮತ. ಕಾರ್ಯದರ್ಶಿ ದಿಮಾಯುಗ ಒಂದೊಂದೇ ಹೆಸರು ಕರೆದ. ಎಲ್ಪಿಡಿಯೊನ ಹೆಸರು ಬರಲಿಲ್ಲ.

"ಎಲ್ಪಿಡಿಯೊ, ನಿಂದು ಹೇಳೋ!" ಮೆಲ್ಚೋರ ಎದ್ದು ಕೂಗಿದಳು. ಬೆಂಚುಗಳ ಮೇಲಿದ್ದವರು ಹೋ ಎಂದು ಅವಳ ಮಾತು ಮುಳುಗಿಸಿದರು.

ಅವನು ದಿಮಾಯುಗನ ಕಡೆ ಬಗ್ಗಿದ. ದಿಮಾಯುಗ ಕಿವಿಯಲ್ಲಿ ಏನೋ ಅಂದ. ಎಲ್ಪಿಡಿಯೊ ಸ್ವಲ್ಪ ಹೊತ್ತು ಸುತ್ತಿಗೆಯನ್ನೇ ನೋಡಿದ. ಆಮೇಲೆ ಬಡಿದ. ನಿರ್ಣಯ ಪಾಸಾಯಿತು.

ಈಗ ಮೆಟ್ಟಿಲ ಮೇಲೆ ಒಬ್ಬ ಉಗಿದ. ಉಗುಳು ಎಲ್ಪಿಡಿಯೊನ ಬೂಟಿನ ಪಕ್ಕ ಬಿತ್ತು. ದಿಮಾಯುಗ ಒಳಗಿನಿಂದ ಬಂದು ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದ.

"ಹೇಳಿಬಿಡಿ ಕೌನ್ಸಿಲರ್ರೇ," ಎಂದ, ತಗ್ಗಿದ ಧ್ವನಿಯಲ್ಲಿ. "ಆ ಕುರ್ಚೀಲಿ ಕೂತವರಿಗೆ ಮತ ಇಲ್ಲ. ಸಮ ಬಿದ್ರೆ ಮಾತ್ರ. ಯಾವ ಕಡೆಯವರು ಕೂತ್ರೂ ಆ ಕಡೆಗೆ ಒಂದು ಕಮ್ಮಿ. ಅದಕ್ಕೇ ಆ ಆರೂ ಜನ ತಪ್ಪಿಸ್ಕೊಂಡಿದ್ದು. ಇವರಿಗೆ ಅದು ಗೊತ್ತಿಲ್ಲ."

"ನನಗೂ ಗೊತ್ತಿರ್ಲಿಲ್ಲ."

"ಅದನ್ನೇ ಹೇಳಿ. ನಾನು ಬೇಕಾದ್ರೆ ಪಕ್ಕದಲ್ಲಿ ನಿಲ್ತೀನಿ."

"ಹೇಳಿದ್ರೆ ಮುಂದಿನ ಪ್ರಶ್ನೆ ಏನು ಬರುತ್ತೆ, ಗೊತ್ತಲ್ಲ ನಿಮಗೆ?"

"ಏನು?"

"ಹಾಗಾದ್ರೆ ನಿನ್ನನ್ನ ಅಲ್ಲಿ ಕೂರ್ಸಿದ್ದು ಯಾರು ಅಂತ."

ದಿಮಾಯುಗ ಕಂಬದಾಚೆ ಮೆಟ್ಟಿಲ ಕಡೆ ನೋಡಿದ. ತೋಳಿನ ಮೇಲಿನ ಕೈ ತಾನಾಗಿಯೇ ಜಾರಿತು.

ಎಲ್ಪಿಡಿಯೊ ಜನರ ನಡುವೆಯೇ ಇಳಿದ. ಯಾರೂ ದಾರಿ ಬಿಡಲಿಲ್ಲ. ಭುಜ ತಾಗಿಸುತ್ತ ಹೋದ. ಮೆಲ್ಚೋರ ಅವನ ಮುಂದೆ ಅಡ್ಡ ನಿಂತಳು. ಅವಳ ಕಣ್ಣು ಕೆಂಪಾಗಿತ್ತು. ಅವಳ ಮನೆ ದಂಡೆಯ ತುದಿಯದು. ಮೊದಲು ಬೀಳುವುದು ಅದೇ.

"ಒಂದೇ ಒಂದು ಮಾತು ಹೇಳು," ಎಂದಳು. "ನನ್ನ ಮುಖ ನೋಡಿ ಹೇಳು. ಇವರೆಲ್ಲರ ಎದುರಿಗೆ ಹೇಳು, ಯಾಕೆ ಹೀಗಾಯ್ತು ಅಂತ."

ಅವನು ಅವಳ ಮುಖ ನೋಡಿದ. ಅವಳ ಹಿಂದೆ ಮನೆ ಕಳೆದುಕೊಳ್ಳಲಿದ್ದ ಅಷ್ಟೂ ಜನ ಉತ್ತರಕ್ಕೆ ಕಾದು ನಿಂತಿದ್ದರು. ಅವನು ಪಕ್ಕಕ್ಕೆ ಸರಿದು, ಅವಳನ್ನು ದಾಟಿ, ತಿರುಗಿ ನೋಡದೆ ರಸ್ತೆಗೆ ನಡೆದ.

ಬೆಳಿಗ್ಗೆ, ಆ ಆರು ಮಂದಿ ಮಂಡಿ, ಗಂಟಲು, ಕನ್ನಡಕ ಎಂದು ಹಿಂಜರಿಯುತ್ತಿದ್ದಾಗ, "ನಮ್ಮ ಹುಡುಗ ಕೂರ್ತಾನೆ, ಒಂದು ದಿನ ನಾವೂ ನೋಡ್ತೀವಿ" ಎಂದು ಹೆಮ್ಮೆಯಿಂದ ಕೈ ಎತ್ತಿದವಳು ಮೆಲ್ಚೋರ.