ಬುಕ್ ಆಗದ ಗೋಡೆ

ಕೇರಳದ ಏಲೂರು ಪಂಚಾಯ್ತಿಯ ಭವಿಷ್ಯಕ್ಕೇ ಸಂಬಂಧಿಸಿದ ಗಂಭೀರ ವಿಷಯವೊಂದು ೧೯೯೫ರ ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ವಿಶ್ವೇಶ್ವರನ ಗಮನಕ್ಕೆ ಬಂತು: ಓಣಿಯ ಕಾಂಪೌಂಡ್ ಗೋಡೆಗಳೆಲ್ಲ ಬುಕ್ ಆಗಿದ್ದವು, ಅವನದೊಂದು ಬಿಟ್ಟು.

ಚುನಾವಣೆ ಹತ್ತಿರ ಬಂತೆಂದರೆ ಪಕ್ಷದವರು ಮನೆ ಮನೆಯ ಗೋಡೆಗೆ ಸುಣ್ಣ ಬಳಿದು, ಮೂಲೆಯಲ್ಲಿ ತಮ್ಮ ಹೆಸರಿನ ಜೊತೆ ‘ಬುಕ್ಡ್’ ಎಂದು ಬರೆದು ಕಾಯ್ದಿರಿಸುವುದು ಅಲ್ಲಿನ ಪದ್ಧತಿ. ಗೊಬ್ಬರ ಕಾರ್ಖಾನೆಯ ಕೆಮಿಸ್ಟಾಗಿ ಮಂಡ್ಯದಿಂದ ಬಂದು, ಸ್ವಂತ ಮನೆ ಕಟ್ಟಿಸಿ, ಮತದಾರರ ಪಟ್ಟಿಗೂ ಸೇರಿ ಹದಿನಾಲ್ಕು ವರ್ಷ ಕಳೆದವನ ಗೋಡೆಗೆ ಇದುವರೆಗೆ ಯಾವ ಪಕ್ಷದ ಹನಿ ಸುಣ್ಣವೂ ಸೋಕಿರಲಿಲ್ಲ.

“ಚೊಕ್ಕವಾಗಿದೆಯಲ್ಲ, ಪುಣ್ಯ ಅನ್ಕೊಳ್ಳಿ,” ಎಂದಳು ಹೆಂಡತಿ ನಿರ್ಮಲ.

“ಗೆಸ್ಟ್ ಹೌಸ್ ಗೋಡೆನೂ ಚೊಕ್ಕವಾಗೇ ಇರುತ್ತೆ ಕಣೆ!”

ಪಕ್ಕದ ಮನೆಯ ಕುರಿಯಾಕೋಸ್ ಕಾಂಗ್ರೆಸ್ಸಿನವರ ಐಕ್ಯರಂಗದ ವಾರ್ಡ್ ಕಾರ್ಯದರ್ಶಿ. ಬಕೆಟ್ಟು ಹಿಡಿದು ಎದುರುಮನೆಯ ಗೋಡೆ ಬಳಿಯುತ್ತಿದ್ದ. ವಿಶ್ವೇಶ್ವರ ನೇರ ಹೋಗಿ ಮಲಯಾಳಂನಲ್ಲೇ ಕೇಳಿದ: “ನನ್ನ ಗೋಡೆ ಏನು ಪಾಪ ಮಾಡಿದೆ, ಚೇಟ್ಟಾ?”

“ಅಯ್ಯೋ ಸಾರೇ, ನೀವು ಕರ್ನಾಟಕದವರು. ನಮ್ಮ ಜಗಳದಲ್ಲಿ ನಿಮಗ್ಯಾಕೆ ತೊಂದರೆ ಅಂತ...”

“ಮಳೆಗೆ ಓಣಿ ಕೆರೆಯಾದಾಗ ನಾನೂ ಮುಂಡು ಪಂಚೆ ಎತ್ತಿಕೊಂಡೇ ನಡೆಯುತ್ತೇನಲ್ಲ!”

ಕುರಿಯಾಕೋಸನ ಮುಖ ಅರಳಿತು. ಬಕೆಟ್ಟು ಎತ್ತಿಕೊಂಡು ಆ ಖಾಲಿ ಗೋಡೆಯತ್ತ ಹೊರಟೇಬಿಟ್ಟ. ವಿಶ್ವೇಶ್ವರ ಇಷ್ಟು ಮುಂದಕ್ಕೆ ಯೋಚಿಸಿರಲಿಲ್ಲ.

“ಅದು... ಚೇಟ್ಟಾ, ನನ್ನ ಓಟು ಎಡರಂಗಕ್ಕೆ.”

ಬ್ರಷ್ಷು ಬಕೆಟ್ಟಿಗೆ ಬಿತ್ತು. “ಹದಿನಾಲ್ಕು ಕ್ರಿಸ್‌ಮಸ್ಸಿಗೆ ನನ್ನ ಮನೆಯ ಕೇಕು ತಿಂದು ಎಡರಂಗಕ್ಕಾ? ಎಡೋ ವಿಶ್ವಾ, ನೀನೊಬ್ಬ ಮನುಷ್ಯನಾ?” ಇಷ್ಟು ದಿನದ ‘ಸಾರೇ’ ಒಂದೇ ಏಟಿಗೆ ‘ಎಡೋ’, ಅಂದರೆ ‘ಲೋ’, ಆಗಿತ್ತು.

ಓಣಿಗೆ ಓಣಿಯೇ ಗೇಟಿಗೆ ಬಂತು. ಅರ್ಧ ಜನ ಕುರಿಯಾಕೋಸನ ಪರ, ಅರ್ಧ ಜನ ವಿಶ್ವೇಶ್ವರನ ಪರ. ಅವನಿಗಿಂತ ಜೋರಾಗಿ ಅವನ ಪರ. ಹದಿನಾಲ್ಕು ವರ್ಷದಲ್ಲಿ ಆ ಊರಿನಲ್ಲಿ ಯಾರೂ ಅವನನ್ನು ಹೀಗೆ ಬಾಯ್ತುಂಬ ಬೈದಿರಲಿಲ್ಲ. ಅವನು ನಗು ತಡೆಯಲು ಒದ್ದಾಡುತ್ತ, ಸಾಧ್ಯವಾದಷ್ಟು ಕೋಪದಿಂದ ತಿರುಗಿ ಕೂಗಿದ.

ಆಗ ನಿರ್ಮಲ ಸೌಟು ಹಿಡಿದೇ ಹೊರಗೆ ಬಂದಳು. “ರೀ, ಗೋಡೆ ನಿಮ್ಮೊಬ್ಬರದೇ ಏನು? ನಂದೂ ಒಂದು ಓಟಿದೆ.” ಆಮೇಲೆ ಮಲಯಾಳಂನಲ್ಲಿ, “ಚೇಟ್ಟಾ, ಬಕೆಟ್ಟು ತನ್ನಿ.”

ಸಂಜೆಯೊಳಗೆ ಗೇಟಿನ ಒಂದು ಪಕ್ಕದ ಗೋಡೆ ಎಡರಂಗಕ್ಕೂ, ಇನ್ನೊಂದು ಪಕ್ಕದ ಗೋಡೆ ಐಕ್ಯರಂಗಕ್ಕೂ ಬುಕ್ ಆಯಿತು.