ಒಂದು ತಿಂಗಳು, ಒಂದು ಮೊಳ

ಹೂ ಮಾರುವವಳ ಮೊಬೈಲು ಮತ್ತೆ ಮೂಕವಾಯಿತು. ಎದುರಿನ ರೀಚಾರ್ಜ್ ಅಂಗಡಿಗೆ ಹೋದಳು.

“ತಿಂಗಳಿಗೆ ಅಂತ ಹಾಕ್ಸಿದ್ದೆ. ಇನ್ನೂ ಎರಡು ದಿನ ಇತ್ತಲ್ಲ ಸಾರ್?”

“ಕಂಪನಿ ತಿಂಗಳು ಅಂದ್ರೆ ಇಪ್ಪತ್ತೆಂಟೇ ದಿನ ಕಣಮ್ಮ. ರೇಟು ಒಂದು ರೂಪಾಯಿನೂ ಏರ್ಸಿಲ್ಲ. ಮಾತು ಬೇರೆ ಫ್ರೀ, ಎಷ್ಟು ಬೇಕಾದ್ರೂ ಆಡು. ಜನಕ್ಕೆ ಇಂಥ ಒಳ್ಳೇ ಕಾಲ ಯಾವತ್ತು ಬಂದಿತ್ತು ಹೇಳು?”

“ಬಂದಿರಲಿಲ್ಲ ಬಿಡಿ” ಎಂದು ದುಡ್ಡು ಕೊಟ್ಟು ಬಂದಳು.

ಸಂಜೆ ಆ ಅಂಗಡಿಯವನೇ ಅವಳ ಬುಟ್ಟಿಯ ಮುಂದೆ ನಿಂತ.

“ಒಂದು ಮೊಳ ಮಲ್ಲಿಗೆ ಕೊಡು. ರೇಟು ಏರ್ಸಿಲ್ಲ ತಾನೇ?”

“ಒಂದು ರೂಪಾಯಿನೂ ಇಲ್ಲ ಸಾರ್.”

ಅವಳು ಮೊಣಕೈಯಿಂದ ಹೂ ಅಳೆಯುತ್ತ ಬಂದು, ಮಣಿಕಟ್ಟಿನ ಹತ್ತಿರವೇ ದಾರ ಕತ್ತರಿಸಿದಳು.

“ಏನಮ್ಮ ಇದು! ಮೊಳ ಅಂದ್ರೆ ಬೆರಳ ತುದಿವರೆಗೆ ಅಲ್ವಾ?”

“ಇದು ಕಂಪನಿ ಮೊಳ ಸಾರ್. ಮಾತು ಫ್ರೀ, ಎಷ್ಟು ಬೇಕಾದ್ರೂ ಆಡಿ.”